ಒಡೆದ ಕೆಂಬಾವುಟ, ಬಿಸಿ ವಡೆ

ಹೇಳಿದರೆ ನೀವು ನಂಬುವುದಿಲ್ಲ, ಮಾರಿಕುಪ್ಪಂ ರೈಲಿನಲ್ಲಿ ಒಡೆದ ಕೆಂಬಾವುಟದ ಎರಡೂ ಕಮ್ಯುನಿಸ್ಟ್ ಪಕ್ಷಗಳು ನನಗಾಗಿ ಕಿತ್ತಾಡಿದವು. ನಮ್ಮೂರಿನಿಂದ ಗಣಿ ಕೆಲಸಕ್ಕೆ ಹೋಗುವ ಅಂಜಪ್ಪ ಮಾವ, ನಾರಾಯಣಪ್ಪ ಮಾವ ಒಬ್ಬೊಬ್ಬರು ಒಂದೊಂದು ಪಕ್ಷ; ಇಬ್ಬರೂ ನನ್ನ ಹೊಸ ಮೀಸೆ ನೋಡಿ ಮೊದಲ ಓಟಿಗೆ ಗಂಟುಬಿದ್ದಿದ್ದರು.

“ಸೋತ್ರೂ ಸರಿ, ನಮ್ ಬಾವುಟಕ್ಕೇ ಆಕ್ಲಾ. ತತ್ವ ಬಿಡ್ಬಾರ್ದು,” ಎಂದು ಅಂಜಪ್ಪ ಮಾವ ವಡೆ ಕೊಡಿಸಿದ.

“ತತ್ವದಿಂದ ಗಣಿ ಉಳೀತದಾ? ನಮ್ ಪಕ್ಷ ಕೈಜೋಡ್ಸಿರೋ ಗೆಲ್ಲೋನ್ಗೆ ಆಕ್ಲಾ,” ಎಂದು ನಾರಾಯಣಪ್ಪ ಮಾವ ಇನ್ನೊಂದು ಕೊಡಿಸಿದ.

ಪ್ರತಿ ಸ್ಟೇಷನ್ನಿನಲ್ಲೂ ನಾನು ಮನಸ್ಸು ಬದಲಿಸಿದೆ. ಬಾವುಟ ಒಡೆದದ್ದಕ್ಕೆ ನನ್ನಷ್ಟು ಋಣಿಯಾದವನು ಕೋಲಾರ ಜಿಲ್ಲೆಯಲ್ಲೇ ಇರಲಿಲ್ಲ.

ಬಂಗಾರಪೇಟೆಯಲ್ಲಿ ಅಪ್ಪ ಡಬ್ಬಿ ಹತ್ತಿದ. ವಿಷಯ ಕೇಳಿ ನಕ್ಕ.

“ಇವುನ್ಗೆಲ್ಲೈತೆ ಓಟು? ಇನ್ನೂ ಹದಿನೇಳು ಕಣ್ರಪ್ಪಾ.”

ಮಾವಂದಿರು ಮೊದಲ ಸಲ ಒಂದಾಗಿ, ನನ್ನ ಕೈಯಲ್ಲಿದ್ದ ಅರ್ಧ ವಡೆಯನ್ನು ನೋಡಿದರು.