ಅಪ್ಪ ಮುಟ್ಟದ ವಜೀಫಾ

ನನ್ನಪ್ಪನಿಗೆ ಎರಡು ವಿಷಯದಲ್ಲಿ ಹಟ ಜಾಸ್ತಿ. ಎತ್ತಿಗೆ ಬಾರುಕೋಲು ಮುಟ್ಟಿಸುತ್ತಿರಲಿಲ್ಲ, ಮಗಳ ದುಡ್ಡನ್ನು ತಾನು ಮುಟ್ಟುತ್ತಿರಲಿಲ್ಲ. ಮಗಳಿಗೆ ಕೊಡಬೇಕು, ಮಗಳಿಂದ ಇಸಿದುಕೊಳ್ಳಬಾರದು ಎಂಬುದು ನಮ್ಮ ಕಮಲಾಪುರದ ಮನೆಗಳ ರೀತಿ. ಆ ರೀತಿಯೇ ನನ್ನ ಓದಿಗೆ ಕಲ್ಲು ಹಾಕುವುದರಲ್ಲಿತ್ತು.

ಊರಿನ ಶಾಲೆ ನಾಲ್ಕನೆಯ ತರಗತಿಗೆ ಮುಗಿಯಿತು. ಮುಂದೆ ಓದಲು ಕಲಬುರ್ಗಿಗೇ ಹೋಗಬೇಕು. ಅಲ್ಲಿ ಸ್ಟೇಶನ್ ಬಜಾರಿನ ಹಿಂದೆ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಹಮಾಲರಿಗೆ ರೊಟ್ಟಿ ಬಡಿದು ಮಾರಿ ಒಬ್ಬಳೇ ಬದುಕುತ್ತಿದ್ದಳು. "ಕಳಿಸು, ನಾ ನೋಡ್ಕೊಳ್ತೀನಿ" ಎಂದಳು. ಅಕ್ಕನೇ ನನ್ನನ್ನು ಓದಿಸುತ್ತಿದ್ದಾಳೆ ಎಂದು ಅಪ್ಪ ನಂಬಿದ್ದ. ನಿಜವಾಗಿ ಓದಿಸುತ್ತಿದ್ದುದು ಹೈದರಾಬಾದ್ ಸರ್ಕಾರದ ವಜೀಫಾ, ಬಡ ಹುಡುಗಿಯರು ಶಾಲೆ ಬಿಡದಿರಲೆಂದು ತಿಂಗಳು ತಿಂಗಳು ಕೊಡುತ್ತಿದ್ದ ಕೆಲವು ರೂಪಾಯಿ. ಅತ್ತೆ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ತರುತ್ತಿದ್ದಳು. ನನ್ನ ಜೋಳ, ಪಾಟಿ-ಬಳಪ, ಸೀಮೆಎಣ್ಣೆ ಎಲ್ಲ ಅದರಲ್ಲೇ. ಅಪ್ಪನಿಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿದ್ದಳು. ನಾನೇನು ಕಡಿಮೆ ಕಳ್ಳಿಯೇ, ಬಾಯಿ ಬಿಡಲಿಲ್ಲ.

ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆಯಿತು. ಶಾಲೆ ಮುಚ್ಚಿತು, ಅಪ್ಪ ಬಂಡಿ ಕಟ್ಟಿಕೊಂಡು ಬಂದು ನನ್ನನ್ನು ಊರಿಗೆ ಕರೆದೊಯ್ದ. ಮತ್ತೆ ಶಾಲೆ ತೆರೆದು ನಾನು ಅತ್ತೆಯ ಮನೆ ಸೇರುವಷ್ಟರಲ್ಲಿ ಕಚೇರಿಗೆ ಹೊಸ ಸಾಹೇಬರು ಬಂದಿದ್ದರು. ಇನ್ನು ಮುಂದೆ ತಂದೆಯೇ ಬಂದು ಒತ್ತಬೇಕು, ಇಲ್ಲದಿದ್ದರೆ ವಜೀಫಾ ಬಂದ್ ಎಂದರು. ವಜೀಫಾ ಇಲ್ಲದಿದ್ದರೆ ನಾನು ಊರಿಗೆ ವಾಪಸ್. ಅಲ್ಲಿ ಆಗಲೇ ನನಗೊಂದು ವರ ನೋಡಿಟ್ಟಿದ್ದರು.

ಅಪ್ಪ ಬಾಳೆಗೊನೆ ಮಾರಲು ಬಜಾರಿಗೆ ಬಂದ ದಿನ ಅತ್ತೆ ಎಲ್ಲ ಹೇಳಿಬಿಟ್ಟಳು. ಅಪ್ಪನ ಮುಖ ಕಪ್ಪಿಟ್ಟಿತು.

"ಮಗಳ ರೊಕ್ಕ ತಿಂದ್ರ ಮೈಗಿ ಹತ್ತಂಗಿಲ್ಲ. ಗೊತ್ತಿಲ್ಲೇನಕ್ಕಾ?"

"ವರ್ಷದಿಂದ ತಿನ್ನಾಕತ್ತೀನಿ. ಹತ್ತಿಲ್ಲೇನು ನೋಡು" ಎಂದು ಅತ್ತೆ ತನ್ನ ದಪ್ಪ ತೋಳು ಚಾಚಿದಳು. ನನಗೆ ನಗು ತಡೆಯಲಿಲ್ಲ. ಅಪ್ಪ ದುರುಗುಟ್ಟಿ ನೋಡಿದ. ಆಮೇಲೆ ಅತ್ತೆ ದನಿ ಇಳಿಸಿದಳು.

"ನೀ ತಿನಬ್ಯಾಡೋ ತಮ್ಮಾ. ಹೆಬ್ಬೆಟ್ಟಷ್ಟೇ ಒತ್ತು. ನನ್ನ ಸಲುವಾಗಿ ಯಾರೂ ಒತ್ತಲಿಲ್ಲ."

ಅಪ್ಪ ಎದ್ದು, ರುಮಾಲು ಸುತ್ತಿಕೊಂಡು ಕಚೇರಿಯ ಕಡೆ ನಡೆದ. ಹಿಂದೆ ನಾವಿಬ್ಬರು. ಹೆಬ್ಬೆಟ್ಟು ಒತ್ತಿದ. ಗುಮಾಸ್ತ ರೂಪಾಯಿ ಮುಂದೆ ಹಿಡಿದಾಗ ಕೈ ಹಿಂದೆ ಕಟ್ಟಿಕೊಂಡ.

"ನಾ ಮುಟ್ಟಂಗಿಲ್ರೀ ಸಾಹೇಬ್ರ. ಆಕಿ ಕೈಯಾಗ ಕೊಡ್ರಿ."

ಗುಮಾಸ್ತ ನಕ್ಕು ಕೊಟ್ಟ. ನನ್ನ ಜೊತೆಯ ಹುಡುಗಿಯರ ವಜೀಫಾ ಅವರವರ ಅಪ್ಪಂದಿರ ಜೇಬು ಸೇರಿ, ಅಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತಿತ್ತು. ನನ್ನದು ಮಾತ್ರ ಮೆಟ್ರಿಕ್ ಮುಗಿಯುವ ತನಕ ನನ್ನ ಕೈಗೇ ಬಂತು. ಅಪ್ಪನ ಹಟವನ್ನು ಬೈಯುವುದನ್ನು ಅಂದೇ ಬಿಟ್ಟೆ.

ಅವತ್ತು ಹೊರಗೆ ಬಂದವಳೇ ಅಪ್ಪನಿಗೊಂದು ಕಟ್ಟು ಬೀಡಿ ಕೊಂಡೆ. ಅಪ್ಪ ಕೈ ಚಾಚಲಿಲ್ಲ. ನಾನೇ ಬಂಡಿಯಲ್ಲಿಟ್ಟೆ. ರಜೆಗೆ ಊರಿಗೆ ಹೋದಾಗ ಅವ್ವ ಉಳಿದ ಕಥೆ ಹೇಳಿದಳು. ಅಪ್ಪ ಆ ಕಟ್ಟು ಬಿಚ್ಚಿ ಕಟ್ಟೆಯ ಮೇಲೆ ಕೂತವರಿಗೆಲ್ಲ ಹಂಚಿದನಂತೆ. ಮೊದಲ ಬೀಡಿ ಕೊಟ್ಟಿದ್ದು ಆ ವರನ ಅಪ್ಪನಿಗೆ.

"ಸೇದ್ರಿ, ನಮ್ಮ ಹುಡುಗಿ ವಜೀಫಾದ್ದು. ಆಕಿ ಇನ್ನಾ ಓದಾಕತ್ತಾಳ."

ತಾನು ಮಾತ್ರ ಒಂದೂ ಸೇದಲಿಲ್ಲವಂತೆ.