ಎದುರಿಗೆ ಕುಂತ ಬ್ಯಾಗುಗಳು

ಗೆಳೆಯರೇ, ಇವತ್ತು ನಮ್ಮ ಹೊಸಪೇಟೆ ವಾಕಿಂಗ್ ಕ್ಲಬ್ಬಿನವರೆಲ್ಲ ಹಂಪಿಯಾಗ ಹೊಳೆ ದಾಟಿದಿವಿ. ಗಂಡ-ಹೆಂಡ್ತಿ, ಬೀಗರು, ಗೆಳತ್ಯಾರು ಅಂತ ಜೋಡಿ ಜೋಡಿಯಾಗಿ ಎರಡು ಹರಿಗೋಲು ತುಂಬಿಸಿಬಿಟ್ರು. ಮೂರನೇದಕ್ಕ ಉಳಿದಾಕಿ ನಾನೊಬ್ಬಾಕೀನೇ.

"ಒಬ್ರೇ ಕುಂತ್ರ ಭಾರ ಸಾಲಲ್ಲಮ್ಮಾ, ಸುಮ್ನ ಗಿರಗಿರ ತಿರುಗ್ತೈತಿ. ಎದುರಿಗೆ ಇನ್ನೊಬ್ರು ಬೇಕು" ಅಂದ ಅಂಬಿಗ.

ನಾನು ಕ್ಲಬ್ಬಿನ ಕಾರ್ಯದರ್ಶಿ ಮುಖ ನೋಡಿದೆ.

"ಅದಕ್ಕೇನ್ರಿ ಮೇಡಂ!" ಅಂತ ಅವರು ಎಲ್ಲರ ಬ್ಯಾಗ್ ತಂದು ನನ್ನೆದುರು ಪೇರಿಸಿ, ತಾವು ಹೆಂಡ್ತಿ ಪಕ್ಕ ಹೋಗಿ ಕುಂತ್ರು.

ಹೊಳೆ ದಾಟೋತನಕ ನಾನೂ ಬ್ಯಾಗುಗಳೂ ಎದುರಾಬದುರು ಕುಂತಿದ್ವಿ. ಆ ದಂಡಿಗೆ ಹೋದ್ರ, "ಬರ್ರಿ ಬರ್ರಿ, ನಿಮ್ದೇ ದಾರಿ ಕಾಯಾಕತ್ತಿದ್ವಿ!" ಅಂತ ಎಲ್ಲರೂ ಓಡಿಬಂದ್ರು. ನಾನು ಭಾಳ ಖುಷಿಯಿಂದ ಕೈ ಬೀಸಿದೆ.

ಊಟದ ಡಬ್ಬಿಗಳೆಲ್ಲ ಆ ಬ್ಯಾಗಿನ್ಯಾಗ ಇದ್ದದ್ದು ಆಮ್ಯಾಲೆ ನೆನಪಾತು.