ಖಂಡೆ ಪೂಜೆಯ ದಿನ ನನ್ನ ನಿಂಜಾ

ನಮ್ಮ ಮನೆಯಲ್ಲಿ ಖಂಡೆ ಪೂಜೆಯ ದಿನ, ಅಂದರೆ ಆಯುಧ ಪೂಜೆಯ ದಿನ, ಯಾವ ಯಂತ್ರವೂ ಉಸಿರಾಡುವಂತಿಲ್ಲ. ಟ್ರ್ಯಾಕ್ಟರು, ಹೊಲಿಗೆ ಮಷಿನ್ನು, ಮಿಕ್ಸರು, ಕುಡುಗೋಲು ಎಲ್ಲವನ್ನೂ ಒರೆಸಿ, ಬಂದ್ ಮಾಡಿ, ಪೂಜೆ ಮಾಡಬೇಕು. ಆಮೇಲೆ ದಸರೆಯ ಬನ್ನಿ ಎಲೆ ಹಂಚುವವರೆಗೆ ಯಾರೂ ಮುಟ್ಟಬಾರದು. ಸಿಂದಗಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಈ ನೇಮ ಮುರಿದವಳಲ್ಲ. ಹೋದ ವರ್ಷ ಮುರಿದೆ. ಅದಕ್ಕಾಗಿ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಕಾರಣ ಒಬ್ಬ ನಿಂಜಾ. ನಾನು ತವರೂರು ಇಂಡಿಯಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಾಗ ಅಪ್ಪ ಅಂಗಡಿಯ ಕೆಲಸಕ್ಕೆಂದು ಸೋಲಾಪುರದಿಂದ ಒಂದು ಕಂಪ್ಯೂಟರ್ ತಂದಿದ್ದ. ಕೀಬೋರ್ಡಿನ ಹೊಟ್ಟೆಯೊಳಗೇ ಎಲ್ಲ ಇರುವ, ಟಿವಿಗೆ ಜೋಡಿಸುವ ಯಂತ್ರ. ಅಂಗಡಿಯ ಕೆಲಸ ಅದರಲ್ಲಿ ಒಂದು ದಿನವೂ ಆಗಲಿಲ್ಲ. ಜೊತೆಗೆ ಬಂದ ಕ್ಯಾಸೆಟ್ಟಿನ ಆಟದಲ್ಲಿ ಜಪಾನಿನ ಕತ್ತಿವೀರ, ಕರಿ ಬಟ್ಟೆಯ ನಿಂಜಾ ಇದ್ದ. ತೋಟ, ಕೆಸರು, ನೆಲಮಾಳಿಗೆ ದಾಟಿ, ಎದುರಾದವರೊಡನೆ ಬಡಿದಾಡಿ, ತನ್ನವರನ್ನು ಕೊಂದ ದೊರೆಯ ಅರಮನೆಗೆ ಅವನು ಹೋಗಬೇಕು. ದಾರಿಯ ಸಣ್ಣ ಗುಡಿಗಳ ಮುಂದೆ ಬಗ್ಗಿ ಕೈ ಮುಗಿದರೆ ಮುಂದೆ ಏನು ಹುಡುಕಬೇಕೆಂದು ತಿಳಿಯುತ್ತದೆ. ಆಟವನ್ನು ತಡೆದು ನಿಲ್ಲಿಸಬಹುದು, ಉಳಿಸಿಡಲು ಬರುವುದಿಲ್ಲ. ಯಂತ್ರ ಬಂದ್ ಆಯಿತೋ, ಮತ್ತೆ ಮೊದಲಿನಿಂದ.

ಅಣ್ಣನೂ ಅವನ ಗೆಳೆಯರೂ ಸಿಕ್ಕಸಿಕ್ಕಲ್ಲಿ ಕತ್ತಿ ಬೀಸಿ ಸಾಯುತ್ತಿದ್ದರು. ನಾನು ಒಂದು ಮಧ್ಯಾಹ್ನ ಅರಮನೆಯ ಬಾಗಿಲವರೆಗೆ ಹೋಗಿದ್ದೆ. ಅಣ್ಣ ಬಂದು ನೋಡಿದ. "ಸಾಕೇಳು, ಹುಡುಗ್ಯಾರಿಗೆ ಎದಕ ಬೇಕು ಈ ಬಡಿದಾಟ?" ಎಂದು ಸ್ವಿಚ್ ಬಂದ್ ಮಾಡಿದ. ಅತ್ತು ಕರೆದರೂ ಅಪ್ಪ ಅವನಿಗೇನೂ ಅನ್ನಲಿಲ್ಲ. ಆ ಸಿಟ್ಟು ನನಗೆ ಇಳಿದಿರಲಿಲ್ಲ. ಇಳಿಯಲಿ ಅಂತ ನಾನೂ ಬಯಸಲಿಲ್ಲ.

ತವರಿನ ಹಿಂದಿನ ಖೋಲಿಯಲ್ಲಿ ಧೂಳು ತಿನ್ನುತ್ತಿದ್ದ ಯಂತ್ರವನ್ನು ಹೋದ ವರ್ಷ ತಂದು ರಿಪೇರಿ ಮಾಡಿಸಿದೆ. ಮಳೆಗಾಲವೆಲ್ಲ ಆಡಿ ಆಡಿ ಸೋತೆ. ಖಂಡೆ ಪೂಜೆಯ ದಿನ ಹೋಳಿಗೆಗೆ ಬೇಳೆ ಬೇಯಲಿಟ್ಟು ಕುಳಿತವಳು ಹೊತ್ತೇರುವಷ್ಟರಲ್ಲಿ ಅರಮನೆಯ ಅಂಗಳದಲ್ಲಿದ್ದೆ!

ಆಗ ಆರತಿ ತಟ್ಟೆ ಹಿಡಿದು ಅತ್ತೆ ಬಂದರು.

"ಅದನ್ನ ಬಂದ್ ಮಾಡವಾ. ಪೂಜಿ ಮಾಡ್ಬೇಕು."

"ಬಂದ್ ಮಾಡಂಗಿಲ್ರಿ ಅತ್ತಿ. ಹಿಂಗ ಮಾಡ್ರಿ."

"ನಡ್ಯಾಕತ್ತಿದ್ದ ಮಷಿನ್ನಿಗೆ ಯಾರರ ಪೂಜಿ ಮಾಡ್ತಾರೇನು?"

"ನೀವು ಮಾಡ್ರಿ, ಆಮ್ಯಾಲ ಎಲ್ಲಾರೂ ಮಾಡ್ತಾರ."

ಯಜಮಾನರು ಟ್ರ್ಯಾಕ್ಟರಿಗೆ ಹೂ ಏರಿಸುವ ನೆಪದಲ್ಲಿ ಹೊರಗೆ ನಡೆದರು. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಟಿವಿ ನೋಡಿದೆ. ಕೊನೆಗೆ ಅವರು ಒದ್ದೆ ವಿಭೂತಿಯನ್ನು ಮೂರು ಬೆರಳಿನಿಂದ ಕೀಬೋರ್ಡಿನ ಮೇಲೆ ಎಳೆದೇಬಿಟ್ಟರು. ವಿಭೂತಿ ಸಂದಿಗಿಳಿದು ಒಂದು ಕೀ ಸಿಕ್ಕಿಕೊಂಡಿತು. ಗುಡಿಯ ಮುಂದೆ ಬಗ್ಗಿದ ನಿಂಜಾ ಮೇಲೇಳಲೇ ಇಲ್ಲ.

"ನೋಡು, ನಿನಗಿಲ್ಲದ ಭಕ್ತಿ ಅವಗರ ಐತಿ," ಎಂದರು ಅತ್ತೆ, ಆರತಿ ಬೆಳಗುತ್ತ.

ನಗುವೂ ಬಂತು, ಸಿಟ್ಟೂ ಬಂತು. ಸೀರೆಯ ಪಿನ್ನು ತೆಗೆದು ಆ ಕೀಯ ಸುತ್ತ ಕೆರೆದು ಕೆರೆದು ಅವನನ್ನು ಎಬ್ಬಿಸಿದೆ. ಅಡುಗೆಗೆ, ಬಡಿಸಲಿಕ್ಕೆ ಎದ್ದಾಗೆಲ್ಲ ಆಟ ತಡೆದಿಟ್ಟೆ. ಸ್ವಿಚ್ಚಿಗೆ ಮಾತ್ರ ಯಾರ ಕೈಯನ್ನೂ ಬಿಡಲಿಲ್ಲ.

ಆ ವರ್ಷ ಪೂಜೆಯೂ ಬನ್ನಿಯೂ ಒಂದೇ ದಿನ ಬಂದಿದ್ದವು. ಸಂಜೆ ಇಂಡಿಯಿಂದ ಅಣ್ಣ ಬನ್ನಿ ಕೊಡಲು ಬಂದ. ನಾನು ದೊರೆಯ ಎದುರು ನಿಂತಿದ್ದೆ. ಅಣ್ಣ ಸ್ವಿಚ್‌ಬೋರ್ಡಿನ ಪಕ್ಕದ ಕುರ್ಚಿಯಲ್ಲಿ ಕೂರಲು ಹೋದ.

"ಅಲ್ಲಿ ಕೂಡಬ್ಯಾಡ ಅಣ್ಣಾ. ಈ ಕಡೆ ಬಾ."

ಅವನಿಗೆ ಅರ್ಥವಾಯಿತು. ತಲೆ ಬೆಳ್ಳಗಾದ ಮನುಷ್ಯ ಪೆಚ್ಚು ಮೋರೆ ಹಾಕಿಕೊಂಡು ನನ್ನ ಮಗ್ಗುಲಿಗೆ ಬಂದು ಕೂತ. ಬನ್ನಿ ಚಾಚಿದ.

"ಕೈ ಖಾಲಿ ಇಲ್ಲ, ತಡಿ."

ದೊರೆ ಬಿದ್ದ, ಎದ್ದ, ಮತ್ತೆ ಬಿದ್ದ. ಆಮೇಲೆ ಏಳಲಿಲ್ಲ. ನನ್ನ ಕಣ್ಣು ತುಂಬಿತು. ಯಾರು ನೋಡಿದರೂ ಚಿಂತೆಯಿಲ್ಲ ಅನ್ನಿಸಿತು.

"ಮುಗೀತಲ್ಲ ತಂಗಿ, ಈಗರ ಬಂದ್ ಮಾಡ್ಲೇನು?" ಅಣ್ಣ ಮೆಲ್ಲಗೆ ಕೇಳಿದ.

"ನೀ ಕುಂದ್ರು," ಎಂದೆ.

ಪರದೆಯ ಮೇಲಿನ ಕೊನೆಯ ಅಕ್ಷರದವರೆಗೂ ನೋಡಿದೆ. ಆಮೇಲೆ ಎದ್ದು ಹೋಗಿ ನನ್ನ ಕೈಯಿಂದಲೇ ಸ್ವಿಚ್ ಬಂದ್ ಮಾಡಿದೆ. ಅದೇ ಕೈ ಚಾಚಿ ಅಣ್ಣನ ಬನ್ನಿ ತೆಗೆದುಕೊಂಡೆ.